ಹೊರಗೆ ಬಣ್ಣ, ಒಳಗೆ ಕೌದಿ



ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನೀವು ಈಗ ಸ್ವಂತ ಸಂಪಾದನೆಯಲ್ಲಿ ಕಾರು ಕೊಳ್ಳುತ್ತಿದ್ದೀರಿ. ರಜೆ ಬಂತೆಂದರೆ ನಾಲ್ಕು ಜನ ಗೆಳೆಯರು ಸೇರಿ ಬೀದರಿಗೋ ಹಂಪಿಗೋ ಹೊರಟುಬಿಡುತ್ತೀರಿ. ಬಹಳ ಸಂತೋಷ. ಆದರೆ ನನ್ನದೊಂದು ಪ್ರಶ್ನೆ. ನಿಮ್ಮ ಗಾಡಿಗಳೆಲ್ಲ ಬಿಳಿ, ಇಲ್ಲವೇ ಬೂದು ಬಣ್ಣದವೇ ಏಕೆ? ಕೇಳಿದರೆ, "ಅಂಕಲ್, ಮುಂದೆ ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ" ಎನ್ನುತ್ತೀರಿ. ಕೊಳ್ಳುವ ದಿನವೇ ಮಾರುವ ಯೋಚನೆ! ಹೋಗಲಿ, ಬಿಳಿ ಬಣ್ಣ ಬಿಸಿಲನ್ನು ಹೀರುವುದು ಕಡಿಮೆ. ನಮ್ಮೂರಿನ ಮೇ ತಿಂಗಳಿಗೆ ಅದು ಒಪ್ಪತಕ್ಕ ಮಾತೇ. ಆದರೆ ಬಣ್ಣ ಬಳಿದು, ಕುಚ್ಚು ಕಟ್ಟಿಕೊಂಡ ಲಾರಿ ಎದುರು ಬಂದಾಗ ನೀವು ನಗುತ್ತೀರಲ್ಲ, ಆ ನಗುವಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಚೌಮಹಲ್ಲಾ ಅರಮನೆಗೆ ಹೋಗಿದ್ದೀರಾ? ಅಲ್ಲೊಂದು ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಕಾರು ಇದೆ. ಅದನ್ನು ತರಿಸಲು ಹೇಳಿದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಗಾಡಿ ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಏಳನೆಯ ನಿಜಾಮರು ವಿಶೇಷ ಸಮಾರಂಭಗಳಿಗೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದರು. ಒಳಗೆ ಸಿಂಹಾಸನದಂತಹ ಆಸನ. ಹಳದಿ ಎಂದರೆ ಅಸಫ್‌ಜಾಹಿ ಮನೆತನದ ಬಾವುಟದ ಬಣ್ಣ. ದೂರದಿಂದ ನೋಡಿದರೇ ಸಾಕು, ಯಾರ ಸವಾರಿ ಎಂದು ಜನಕ್ಕೆ ತಿಳಿಯಬೇಕು. ಅರಸರು ಹಳದಿ ಬಳಿಸಿದರೆ ರಾಜಠೀವಿ, ಲಾರಿಯವನು ಬಳಿಸಿದರೆ ಗಮಾರತನ! ಇದು ಯಾವ ನ್ಯಾಯ?

ಇನ್ನು ನಮ್ಮ ಕಡೆಯ ಗಾಡಿಗೆ ಬರೋಣ. 1956ರ ನವೆಂಬರ್ 1ರವರೆಗೆ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಇಲ್ಲಿನ ಎಷ್ಟೋ ಕನ್ನಡ ಮನೆಗಳ ಬೇರು ಅಲ್ಲಿದೆ. ಆ ಕಡೆ ಜಾತ್ರೆಗೆ ಹೋಗಬೇಕೆಂದರೆ ಸವಾರಿ ಬಂಡಿ ಹೂಡುತ್ತಿದ್ದರು. ಬಿದಿರಿನ ಕಮಾನು, ಅದರ ಮೇಲೆ ಚಾಪೆ. ಎತ್ತುಗಳ ಕೋಡಿಗೆ ಬಣ್ಣ, ಕೋಡಿನ ತುದಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಗೆಜ್ಜೆ ಸರ, ಬೆನ್ನಿಗೆ ಝೂಲ. ಇದು ಹೊರಗಿನ ಅಲಂಕಾರ. ಒಳಗೆ ಮೆತ್ತಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಅದರ ಮೇಲೆ ಕೌದಿ. ಮೂಲೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಕಲಬುರ್ಗಿಯ ಶರಣಬಸವೇಶ್ವರ ಜಾತ್ರೆ ಮುಗಿಯುವವರೆಗೆ ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಕ್ಯಾರವಾನ್ ನೋಡಿ ನೀವು ಬೆರಗಾಗುತ್ತೀರಿ. ನಮ್ಮ ಮುತ್ಯಾಗಳು ಅದನ್ನು ಎಂದೋ ಹೂಡಿಕೊಂಡು ಹೋಗುತ್ತಿದ್ದರು!

ಅರಮನೆಯವರಿಗೂ ಇದೇ ಆಸೆ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ 1899ರ ಮಹಾರಾಣಿ ಸಲೂನ್ ಇದೆ. ರೈಲಿನ ಡಬ್ಬಿಯೊಳಗೇ ಅಡುಗೆಮನೆ, ಊಟದ ಕೋಣೆ! 2008ರಲ್ಲಿ ಓಡಾಟ ಆರಂಭಿಸಿದ 'ಗೋಲ್ಡನ್ ಚಾರಿಯಟ್' ರೈಲಿಗೆ ನೇರಳೆ ಮತ್ತು ಬಂಗಾರದ ಬಣ್ಣ. ಅದರ ಬೋಗಿಗಳಿಗೆ ಕದಂಬ, ಹೊಯ್ಸಳ ಎಂದು ನಮ್ಮ ರಾಜವಂಶಗಳ ಹೆಸರು.

ಲಾರಿಯವನು ಮಾಡುವುದೂ ಇದನ್ನೇ ಅಲ್ಲವೇ? ತಿಂಗಳಲ್ಲಿ ಎಷ್ಟೋ ದಿನ ಅವನಿಗೆ ಆ ಕ್ಯಾಬಿನ್ನೇ ಮನೆ. ಆದ್ದರಿಂದ ಒಳಗೆ ಮನೆದೇವರ ಪಟ, ಹೊರಗೆ ಮಕ್ಕಳ ಹೆಸರು. 1980ರ 'ಆಟೋ ರಾಜ' ಚಿತ್ರದ ನಾಯಕ ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ. ಬೆಂಗಳೂರಿನ ಎಷ್ಟೋ ಆಟೋಗಳ ಮೇಲೆ ಇಂದಿಗೂ ಅವರ ಚಿತ್ರವಿದೆ. ನಾನು ಯಾರು, ಯಾರವನು ಎಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ. ನಮಗೇಕೆ?

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಹೋದ ವರ್ಷ ನನ್ನ ತಮ್ಮನ ಮಗ ಗೆಳೆಯರ ಜೊತೆ ಸೇರಿ ಹಳೆಯ ವ್ಯಾನೊಂದನ್ನು ಕೊಂಡ. ಹೊರಗೆ ಬೂದು, ಒಳಗೆ ಕಪ್ಪು ರೆಕ್ಸಿನ್. ಎಂಬತ್ತು ದಾಟಿದ ನಮ್ಮವ್ವ ತಾನು ಹೊಲಿದ ಕೌದಿ ತಂದು, "ಸೀಟಿನ ಮ್ಯಾಲ ಹಾಸಕೋರಿ, ಥಂಡಿ ಆದ್ರ ಹೊದಕೊಳ್ಳಲಿಕ್ಕೂ ಬರ್ತದ" ಎಂದಳು. "ಇದು ಮ್ಯಾಚ್ ಆಗೋದಿಲ್ಲ, ಆಯಿ" ಎಂದ ಮೊಮ್ಮಗ. ಜೊತೆಗಿದ್ದ ತೆಲುಗು ಗೆಳೆಯ ಅದನ್ನು ಬಿಡಿಸಿ ನೋಡಿ, ಈ ತುಂಡುಗಳೆಲ್ಲ ಎಲ್ಲಿಯವು ಎಂದು ಕೇಳಿದ. ಅವ್ವ ಒಂದೊಂದರ ಮೇಲೂ ಬೆರಳಿಟ್ಟು ಹೇಳತೊಡಗಿದಳು: "ಇದು ನಿಮ್ಮ ಮುತ್ಯಾನ ಧೋತರ. ಇದು ನಿಮ್ಮ ಅತ್ತಿ ಮದವಿ ಸೀರಿ. ಈ ಕೆಂಪಂದು ನಿಮ್ಮಪ್ಪ ಸಾಲಿಗಿ ಹೋಗುವಾಗಿನ ಅಂಗಿ."

ಗೆಳೆಯನಿಗೆ ಅದನ್ನೆಲ್ಲ ತೆಲುಗಿನಲ್ಲಿ ಹೇಳಬೇಕಾದವನು ಮೊಮ್ಮಗನೇ. ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಂತ. ಅವನು ಹುಟ್ಟುವ ಮೊದಲೇ ಅವನ ಮುತ್ಯಾ ತೀರಿಹೋಗಿದ್ದರು. "ಮುತ್ಯಾ ಹ್ಯಾಂಗಿದ್ರು, ಆಯಿ?" ಎಂದ. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಅವನ ಬಾಯಿಂದ ಬಂದದ್ದು ಅದೇ ಮೊದಲು. ವ್ಯಾನು ಒಂದು ಗಂಟೆ ತಡವಾಗಿ ಹೊರಟಿತು. ಕೌದಿ ಇಂದಿಗೂ ಹಿಂದಿನ ಸೀಟಿನ ಮೇಲಿದೆ. ಮ್ಯಾಚ್ ಆಗುವುದಿಲ್ಲ, ನಿಜ.

ನಿಮಗೂ ಗಾಡಿಯನ್ನು ಸಿಂಗರಿಸುವ ಮನಸ್ಸಾದರೆ ನಿಯಮಗಳನ್ನು ನೋಡಿಕೊಳ್ಳಿ. ಆರ್.ಸಿ.ಯಲ್ಲಿ ಗಾಡಿಯ ಬಣ್ಣವೂ ನಮೂದಾಗಿರುತ್ತದೆ, ಆರ್.ಟಿ.ಒ. ಕಚೇರಿಗೆ ತಿಳಿಸದೆ ಅದನ್ನು ಬದಲಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೇ ಮೀಸಲು. ನಂಬರ್ ಪ್ಲೇಟಿನಲ್ಲೂ ಇಂಗ್ಲಿಷ್ ಅಕ್ಷರವೇ ಇರಬೇಕು.

ಆದರೆ ಗಾಡಿಯ ಒಳಗೆ ಏನು ಹಾಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೋ ಟ್ರಂಕಿನಲ್ಲೋ ಒಂದು ಕೌದಿ ಇದ್ದೀತು. ಕೆಳಗಿಳಿಸಿ, ಬಿಸಿಲಿಗೆ ಹಾಕಿ, ಅಜ್ಜಿಯ ಮುಂದೆ ಬಿಡಿಸಿ, ಯಾವ ತುಂಡು ಯಾರದು ಎಂದು ಕನ್ನಡದಲ್ಲೇ ಕೇಳಿ. ಕಾರಿನ ಬಣ್ಣ ಮಾಸಿದರೆ ಪೇಂಟರ್ ಸಿಗುತ್ತಾನೆ. ಆ ತುಂಡುಗಳ ಲೆಕ್ಕ ಹೇಳಬಲ್ಲವರು ಮನೆಗೆ ಒಬ್ಬರೇ. ಬರುವ ಭಾನುವಾರವೇ ಕೇಳಿಬಿಡಿ.