ರೆಸ್ಪಾಂಡೆಂಟ್ ನಂಬರ್ ಒನ್ ನಮ್ಮ ಚಿಕ್ಕಪ್ಪ

ನಾನು ಹಾಕಿದ ಪರಿಹಾರದ ಕೇಸಿನಲ್ಲಿ ರೆಸ್ಪಾಂಡೆಂಟ್ ನಂಬರ್ ಒನ್ ನಮ್ಮ ಚಿಕ್ಕಪ್ಪ, ನಂಬರ್ ಟೂ ಅವರ ಕಾರಿನ ಇನ್ಶೂರೆನ್ಸ್ ಕಂಪನಿ. ಇದನ್ನು ಹೇಳಿದ ತಕ್ಷಣ ಜನ ನನ್ನ ಮುಖವನ್ನು ಒಂಥರಾ ನೋಡುತ್ತಾರೆ. ಸ್ವಂತ ಚಿಕ್ಕಪ್ಪನನ್ನೇ ಕೋರ್ಟಿಗೆ ಎಳೆದವಳು ಅಂತ.

2022ರ ನವೆಂಬರ್. ಮದುವೆ ಮುಗಿಸಿಕೊಂಡು ಅರಸೀಕೆರೆಯಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಕಾರು ಚಿಕ್ಕಪ್ಪನದು, ಓಡಿಸುತ್ತಿದ್ದವನು ಅವರ ಮಗ. ನಾನು ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡೇ ಕೂತಿದ್ದೆ. ತಿಪಟೂರು ಹತ್ತಿರ ನಾಯಿ ಅಡ್ಡ ಬಂತು, ಅವನು ಸ್ಟೀರಿಂಗ್ ಎಳೆದ, ಕಾರು ರಸ್ತೆ ಬದಿಯ ಮರಕ್ಕೆ ಹೋಗಿ ಗುದ್ದಿತು. ಅವನಿಗೆ ತುಟಿ ಒಡೆದಿದ್ದು ಬಿಟ್ಟರೆ ಏನೂ ಆಗಲಿಲ್ಲ. ನನ್ನ ಬಲ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದ ರಭಸಕ್ಕೆ ತೊಡೆಮೂಳೆಯ ತಲೆ ಸೊಂಟದ ಬಟ್ಟಲಿನಿಂದ ಹಿಂದಕ್ಕೆ ಜಾರಿತ್ತು, ಬಟ್ಟಲಿನ ಅಂಚೂ ಮುರಿದಿತ್ತು. ತಿಪಟೂರಿನಲ್ಲಿ ಎಕ್ಸ್‌ರೇ, ಆಮೇಲೆ ಆಂಬುಲೆನ್ಸಿನಲ್ಲಿ ಬೆಂಗಳೂರು. ಕೀಲು ಕೂರಿಸಿ, ಪ್ಲೇಟು ಸ್ಕ್ರೂ ಹಾಕಿದರು. ಮೂರು ತಿಂಗಳು ವಾಕರ್. ನಾಲ್ಕನೇ ತಿಂಗಳಿಗೆ ಮನೆಯಿಂದಲೇ ಕೆಲಸ ಶುರು ಮಾಡಿದೆ.

ಕೇಸಿನ ಮಾತು ಮೊದಲು ಎತ್ತಿದ್ದು ಅಪ್ಪ. ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಜ್ಜಿ, "ನಮ್ಮೋರ ಮೇಲೇ ಕೇಸ್ ಹಾಕ್ತಾರೇನೇ?" ಅಂದರು. ಚಿಕ್ಕಮ್ಮ, "ದುಡ್ಡು ಬೇಕಿದ್ರೆ ನಮ್ಮನ್ನೇ ಕೇಳಬಹುದಿತ್ತಲ್ಲ ಭಾವ" ಅಂತ ಕಣ್ಣೊರೆಸಿಕೊಂಡರು. ಒಬ್ಬ ನೆಂಟರಂತೂ, ಗೊತ್ತಿಲ್ಲದ ಲಾರಿ ಗುದ್ದಿ ಓಡಿಹೋಯಿತು ಅಂತ ಪೊಲೀಸರ ಮುಂದೆ ಹೇಳಿಬಿಟ್ಟರೆ ಎಲ್ಲರ ಮರ್ಯಾದೆಯೂ ಉಳಿಯುತ್ತಲ್ಲ ಅಂತ ಉಪಾಯ ಕೊಟ್ಟರು. ಹಾಗೆ ಸುಳ್ಳು ಹೇಳುವುದು ಅಪರಾಧ, ಆ ಮಾತು ಬಿಡಿ. ಲೆಕ್ಕಕ್ಕೂ ಅದು ಕೂಡಿಬರುವುದಿಲ್ಲ. ಗುದ್ದಿ ಓಡಿಹೋದ ವಾಹನದ ಪ್ರಕರಣದಲ್ಲಿ ಗಂಭೀರ ಗಾಯಕ್ಕೆ ಸಿಗುವ ಪರಿಹಾರ ಬರೀ 50 ಸಾವಿರ.

ಗಲಾಟೆ ನಿಲ್ಲಿಸಿದವರು ಚಿಕ್ಕಪ್ಪನೇ. ಅವರದು ಕೊಬ್ಬರಿ ವ್ಯಾಪಾರ, ಲೆಕ್ಕ ಅಂದರೆ ಲೆಕ್ಕ. "ವರ್ಷಾ ವರ್ಷಾ ಪ್ರೀಮಿಯಂ ಕಟ್ತೀನಲ್ಲ, ಅದೇನು ದೇವರ ಹುಂಡಿಗಾ? ನೀನು ಹಾಕವ್ವಾ ಕೇಸು" ಅಂದರು.

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬೇಕಾದರೆ ಯಾರದೋ ಅಜಾಗರೂಕತೆಯಿಂದ ಅಪಘಾತ ಆಯಿತು ಅಂತ ತೋರಿಸಬೇಕು. ಆ ವಾಹನದ ಮಾಲೀಕರನ್ನೂ ವಿಮಾ ಕಂಪನಿಯನ್ನೂ ಪಾರ್ಟಿ ಮಾಡುತ್ತಾರೆ. ಮಾಲೀಕರ ಹೆಸರು ಇದ್ದರೂ ದುಡ್ಡು ಹೋಗುವುದು ವಿಮಾ ಕಂಪನಿಯಿಂದ. ಆದರೆ ಒಂದು ಷರತ್ತಿದೆ. ಖಾಸಗಿ ಕಾರಿನೊಳಗೆ ಕೂತವರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ರಕ್ಷಣೆ ಇಲ್ಲ, ಪ್ಯಾಕೇಜ್ ಪಾಲಿಸಿಯಲ್ಲಿ ಇದೆ. ನಾವು ಫುಲ್ ಇನ್ಶೂರೆನ್ಸ್ ಅನ್ನುತ್ತೇವಲ್ಲ, ಅದು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಚಿಕ್ಕಪ್ಪ ಒಂದೆರಡು ಸಾವಿರ ಉಳಿಸೋಣ ಅಂತ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದ್ದಿದ್ದರೆ ನನ್ನ ಪರಿಹಾರವನ್ನು ಅವರ ಜೇಬಿನಿಂದಲೇ ಕೇಳಬೇಕಾಗುತ್ತಿತ್ತು. ಆಗ ಅಜ್ಜಿ ಹೇಳಿದ್ದೇ ಸರಿ ಅನ್ನಿಸುತ್ತಿತ್ತೇನೋ. ನಿಮ್ಮ ಕಾರಿನ ಪಾಲಿಸಿ ಯಾವುದು ಅಂತ ಇವತ್ತೇ ಒಮ್ಮೆ ತೆಗೆದು ನೋಡಿ, ಫೋನಿನಲ್ಲೇ ಇರುತ್ತದೆ.

ತಮ್ಮನಿಗೆ ಮಾತ್ರ ಕಷ್ಟ ಆಯಿತು. ಜರ್ಮನಿಗೆ ಓದಲು ಹೋಗಬೇಕು ಅಂತಿದ್ದ. ಚಾರ್ಜ್‌ಶೀಟ್ ಅಂದ ಕೂಡಲೇ ಪಾಸ್‌ಪೋರ್ಟ್ ಏನಾಗುತ್ತೋ ಅಂತ ಎರಡು ತಿಂಗಳು ನಿದ್ದೆ ಮಾಡಲಿಲ್ಲ. ಕೊನೆಗೆ ತಿಪಟೂರಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಒಂದು ವರ್ಷ ತಡವಾಗಿ ಹೋದ. ಅವನಿಗೆ ಇದರ ಬೆಲೆ ಎಷ್ಟು ಅಂತ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

ಅರ್ಜಿ ಹಾಕಿದ್ದು 2023ರ ಏಪ್ರಿಲ್‌ನಲ್ಲಿ. ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಆ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳೇನೋ ಇವೆ, ಆದರೆ ಅದನ್ನು ನಂಬಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ. ಅಪಘಾತವಾದ ಊರಿನಲ್ಲೇ ಹಾಕಬೇಕು ಅಂತಿಲ್ಲ, ನಾವು ವಾಸವಿರುವ ಕಡೆಯೂ ಹಾಕಬಹುದು. ಬೆಂಗಳೂರಿನಲ್ಲಿ ಇದನ್ನು ನೋಡುವುದು ಲಘು ವ್ಯಾಜ್ಯಗಳ ನ್ಯಾಯಾಲಯ. ಲಘು ಅನ್ನುವ ಹೆಸರು ನೋಡಿ ನನಗೆ ಆಗಲೇ ನಗು ಬಂದಿತ್ತು.

ಡಿಸೆಂಬರಿನ ಲೋಕ ಅದಾಲತ್‌ನಲ್ಲಿ ಕಂಪನಿಯವರು 4.75 ಲಕ್ಷಕ್ಕೆ ಬಂದರು. ಆಸ್ಪತ್ರೆ ಬಿಲ್ಲಿನ ಬಹುಪಾಲು ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಹೋಗಿತ್ತು, ನಾನು ನಡೆದಾಡುತ್ತಿದ್ದೆ, ಸಂಬಳ ಬರುತ್ತಿತ್ತು. ಎಲ್ಲರೂ ತಗೋ ಅಂದರು. ಮನೆಯವರಿಗೆ ಬೇಕಾಗಿದ್ದು ಚಿಕ್ಕಪ್ಪನ ಹೆಸರಿರುವ ಆ ಫೈಲು ಮುಚ್ಚುವುದು. ನನಗೆ ಒಂದೇ ತೊಡಕು. ಎರಡು ವಾರದಿಂದ ತೊಡೆಸಂದಿಯಲ್ಲಿ ಹೊಸದೊಂದು ನೋವು. ಮೆಟ್ರೋ ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರ ಆಗುತ್ತಿತ್ತು. ಲೋಕ ಅದಾಲತ್‌ನಲ್ಲಿ ಸಹಿ ಹಾಕಿದರೆ ಅದೇ ಅಂತಿಮ, ಮೇಲ್ಮನವಿ ಇಲ್ಲ ಅಂತ ನಮ್ಮ ವಕೀಲರು ಮೊದಲೇ ಹೇಳಿದ್ದರು. ಡಾಕ್ಟರಿಗೆ ತೋರಿಸಿ ಬರ್ತೀನಿ ಸರ್, ಮುಂದಿನ ಸಲ ನೋಡೋಣ ಅಂದೆ. ವಾಪಸ್ ಬರುವಾಗ ಕ್ಯಾಬಿನಲ್ಲಿ ಅಮ್ಮ ಮಾತಾಡಲಿಲ್ಲ.

ಜನವರಿಯಲ್ಲಿ ಎಂಆರ್‌ಐ ಆಯಿತು. ಎವಿಎನ್ ಅಂದರು, ಅವ್ಯಾಸ್ಕ್ಯುಲರ್ ನೆಕ್ರೋಸಿಸ್. ಕೀಲು ಜಾರಿದಾಗ ತೊಡೆಮೂಳೆಯ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹರಿದಿರುತ್ತವೆ. ಮೇಲ್ನೋಟಕ್ಕೆ ಮೂಳೆ ಕೂಡಿಕೊಂಡ ಹಾಗೆ ಕಂಡರೂ ಒಳಗೆ ರಕ್ತ ಸಿಗದೆ ನಿಧಾನವಾಗಿ ಸಾಯುತ್ತಾ ಬರುತ್ತದೆ. ತಿಂಗಳುಗಳಾದ ಮೇಲೆ, ಕೆಲವರಿಗೆ ಒಂದೆರಡು ವರ್ಷಕ್ಕೆ, ಆ ತಲೆ ಕುಸಿಯುತ್ತದೆ. ನನಗೆ ಆಗಿದ್ದು ಹದಿನಾಲ್ಕು ತಿಂಗಳಿಗೆ. 2024ರ ಏಪ್ರಿಲ್‌ನಲ್ಲಿ ಸೊಂಟದ ಕೀಲನ್ನೇ ಬದಲಾಯಿಸಿದರು. ಇಪ್ಪತ್ತೊಂಬತ್ತನೇ ವಯಸ್ಸಿಗೆ. ವಾರ್ಡಿನಲ್ಲಿ ನನ್ನ ಅಕ್ಕಪಕ್ಕ ಇದ್ದವರೆಲ್ಲ ನಮ್ಮ ಅಜ್ಜಿ ವಯಸ್ಸಿನವರು. ಒಬ್ಬರು, "ನೀನು ಯಾರನ್ನ ನೋಡ್ಕೊಳ್ಳೋಕೆ ಬಂದಿದೀಯಮ್ಮ?" ಅಂತ ಕೇಳಿದರು.

ಕೃತಕ ಕೀಲು ಸವೆಯುತ್ತದೆ. ಎಪ್ಪತ್ತು ದಾಟಿದವರಿಗೆ ಹಾಕಿದ್ದು ಸಾಮಾನ್ಯವಾಗಿ ಕೊನೆವರೆಗೂ ಸಾಕಾಗುತ್ತದೆ. ನನ್ನ ವಯಸ್ಸಿಗೆ ಹಾಕಿದರೆ ಮುಂದೆ ಒಂದು ಸಲವಾದರೂ ತೆಗೆದು ಬೇರೆ ಹಾಕಬೇಕಾಗಬಹುದು, ಆ ಆಪರೇಷನ್ ಮೊದಲಿನದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ ಅಂದರು ಡಾಕ್ಟರು.

ಈಗ ಕಾನೂನಿನ ಕಡೆ ಬನ್ನಿ. ನ್ಯಾಯಮಂಡಳಿ ಪರಿಹಾರ ಕೊಡುವುದು ಒಂದೇ ಸಲ. ಹತ್ತು ವರ್ಷ ಬಿಟ್ಟು ಹೋಗಿ, ಸ್ವಾಮಿ ಕೀಲು ಸವೆದಿದೆ, ಇನ್ನಷ್ಟು ಕೊಡಿ ಅಂತ ಕೇಳಲು ಬರುವುದಿಲ್ಲ. ನಾಗಪ್ಪ ವರ್ಸಸ್ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಂತಿಮ ಆದೇಶದ ಮೇಲೆ ಮತ್ತೊಂದು ಆದೇಶ ಮಾಡಲು ಕಾಯ್ದೆಯಲ್ಲಿ ದಾರಿಯಿಲ್ಲ, ಆದ್ದರಿಂದ ಮುಂದಿನ ಚಿಕಿತ್ಸೆಯ ಖರ್ಚನ್ನೂ ಆಗಲೇ ಅಂದಾಜು ಮಾಡಿ ಸೇರಿಸಬೇಕು ಅಂತ. ನಾವು ಕೇಳಿದ್ದಕ್ಕಿಂತ ಹೆಚ್ಚು ಮೊತ್ತ ನ್ಯಾಯ ಅನ್ನಿಸಿದರೆ ಅದನ್ನೂ ಕೊಡಬಹುದು ಅನ್ನುವುದೂ ಅದೇ ತೀರ್ಪಿನಲ್ಲಿದೆ. ಹಾಗಾಗಿ ಮೂವತ್ತರೊಳಗಿನ ನಾನು, ನಲವತ್ತೈದೋ ಐವತ್ತೋ ಆದ ನನ್ನ ಪರವಾಗಿಯೂ ಈಗಲೇ ವಾದ ಮಾಡಬೇಕಿತ್ತು.

ನನ್ನ ಪಾಟೀಸವಾಲು ನಡೆದದ್ದು ಆ ವರ್ಷದ ಕೊನೆಗೆ. ಕಂಪನಿ ವಕೀಲರು ಜೋರು ಮಾಡುವವರಲ್ಲ, ತಣ್ಣಗೆ ಕೇಳುತ್ತಾ ಹೋದರು.

"ಕಾರಿನ ಮಾಲೀಕರು ನಿಮ್ಮ ಚಿಕ್ಕಪ್ಪ, ಹೌದಾ?"

"ಹೌದು."

"ಅಪಘಾತದ ನಂತರ ನಿಮಗೆ ಇನ್‌ಕ್ರಿಮೆಂಟ್ ಬಂದಿದೆ, ಹೌದಾ?"

"ಹೌದು."

"ನಿಮ್ಮದು ಕುರ್ಚಿ ಮೇಲೆ ಕೂತು ಮಾಡೋ ಕೆಲಸ."

"ಹೌದು."

"2021ರಲ್ಲಿ ಕೋವಿಡ್ ಬಂದಿತ್ತಾ? ಸ್ಟೀರಾಯ್ಡ್ ತಗೊಂಡಿದ್ರಾ?"

ಕೊನೆಯ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಅರ್ಧ ಸೆಕೆಂಡು ತಡವಾಗಿ ಹೊಳೆಯಿತು. ಸ್ಟೀರಾಯ್ಡಿನಿಂದಲೂ ಎವಿಎನ್ ಬರುತ್ತದೆ, ಕೋವಿಡ್ ಆದ ಮೇಲೆ ಅಂಥ ಎಷ್ಟೋ ಕೇಸು ಸುದ್ದಿಯಾಗಿದ್ದವು. ಕೀಲು ಹಾಳಾಗಿದ್ದು ಅಪಘಾತದಿಂದಲ್ಲ ಅಂತಾದರೆ ಎರಡನೇ ಆಪರೇಷನ್, ಮೂರನೆಯದು, ಎಲ್ಲವೂ ಲೆಕ್ಕದಿಂದ ಹೊರಗೆ. ನನಗೆ ಕೋವಿಡ್ ಬಂದಿತ್ತು, ಡೋಲೋದಲ್ಲೇ ಹೋಗಿತ್ತು. ಹಾಗೇ ಹೇಳಿದೆ. ಆದರೆ ನನ್ನ ಮಾತಿಗಿಂತ ಕೆಲಸ ಮಾಡಿದ್ದು ಡಾಕ್ಟರ ಸಾಕ್ಷಿ. ಸ್ಟೀರಾಯ್ಡಿನಿಂದ ಬಂದಿದ್ದರೆ ಹೆಚ್ಚಾಗಿ ಎರಡೂ ಕಡೆ ಕಾಣುತ್ತದೆ, ಇವರ ಎಡ ಕೀಲು ಶುದ್ಧವಾಗಿದೆ, ಹಾಳಾಗಿರುವುದು ಜಾರಿದ ಕೀಲು ಮಾತ್ರ ಅಂದರು. ಜಾರಿದ್ದಕ್ಕೆ ಪುರಾವೆ ಏನು ಅಂದರೆ ತಿಪಟೂರಿನಲ್ಲಿ ಆ ರಾತ್ರಿ ತೆಗೆದ ಎಕ್ಸ್‌ರೇ. ಅಪ್ಪ ಅದನ್ನು ಕ್ಯಾಲೆಂಡರ್ ಹಿಂದೆ ಮೊಳೆಗೆ ನೇತುಹಾಕಿ ಇಟ್ಟುಕೊಂಡಿದ್ದರು. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಸಾಕು ಅನ್ನುವ ನಮ್ಮ ತಲೆಮಾರಿಗೆ ಹೇಳುವ ಮಾತೆಂದರೆ, ಅಸಲು ಫಿಲ್ಮು, ಎಂಎಲ್‌ಸಿ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಯಾವುದನ್ನೂ ಬಿಸಾಡಬೇಡಿ. ಫಿಸಿಯೋ ಬಿಲ್ಲು, ಆಟೋ ಬಾಡಿಗೆ ಕೂಡ.

2025ರ ಮಧ್ಯದಲ್ಲಿ ತೀರ್ಪು ಬಂತು. ಒಟ್ಟು 12 ಲಕ್ಷ. ಮುಂದಿನ ಶಸ್ತ್ರಚಿಕಿತ್ಸೆಗೆ ಅಂತ 3 ಲಕ್ಷ, ಅದಕ್ಕೆ ಬಡ್ಡಿ ಇಲ್ಲ. ಉಳಿದದ್ದಕ್ಕೆ ಅರ್ಜಿ ಹಾಕಿದ ದಿನದಿಂದ ಶೇ. 6 ಬಡ್ಡಿ. ಗ್ರೂಪ್ ಪಾಲಿಸಿ ಕಟ್ಟಿದ ಬಿಲ್ಲನ್ನು ಕಳೆದು, ನನ್ನ ಕೈಯಿಂದ ಹೋದದ್ದನ್ನು ಮಾತ್ರ ಕೊಟ್ಟರು. ಹೀಗೆ ಕಳೆಯಬೇಕೋ ಬೇಡವೋ ಅನ್ನುವುದರಲ್ಲಿ ಹೈಕೋರ್ಟುಗಳೇ ಬೇರೆ ಬೇರೆ ಹೇಳಿವೆ. ಮದುವೆಯ ಅವಕಾಶ ಕಡಿಮೆಯಾದದ್ದಕ್ಕೆ ಅಂತ 1 ಲಕ್ಷ. ಅದನ್ನು ಓದಿ ಅಮ್ಮ ಅತ್ತರು, ನನಗೆ ಅಷ್ಟೇನೂ ಅನ್ನಿಸಲಿಲ್ಲ. ಜೀವನದ ಸುಖ ಸೌಕರ್ಯದ ನಷ್ಟ ಅನ್ನುವ ಶೀರ್ಷಿಕೆಯಲ್ಲಿ 2 ಲಕ್ಷ. ಅದೇನು ಅಂತ ನ್ಯಾಯಾಧೀಶರು ಕೇಳಿದಾಗ ನಾನು ಹೇಳಿದ್ದು ನೆನಪಿದೆ: ಚಕ್ಕಳಮಕ್ಕಳ ಹಾಕಿ ಕೂರಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ ಅಂದಿದ್ದಾರೆ. ಊರಿನ ಮನೆಯಲ್ಲಿ ಇರುವುದು ಇಂಡಿಯನ್ ಟಾಯ್ಲೆಟ್. ಪಂಕ್ತಿಯಲ್ಲಿ ಎಲ್ಲರೂ ಎಲೆ ಮುಂದೆ ಕೂತರೆ ನನಗೆ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಹಬ್ಬಕ್ಕೆ ರಂಗೋಲಿ ಹಾಕುತ್ತಿದ್ದವಳು ನಾನು, ಈಗ ಹಾಕುವುದಿಲ್ಲ.

ಭವಿಷ್ಯದ ಆದಾಯ ನಷ್ಟಕ್ಕೆ ಸೊನ್ನೆ. ಸಂಬಳ ನಿಂತಿಲ್ಲ, ಇನ್‌ಕ್ರಿಮೆಂಟ್ ಬಂದಿದೆ, ಆದ್ದರಿಂದ ನಷ್ಟವಿಲ್ಲ. ಡಾಕ್ಟರು ಹೇಳಿದ್ದು ಕಾಲಿಗೆ ಶೇ. 36, ಇಡೀ ದೇಹಕ್ಕೆ ಅದರ ಮೂರನೇ ಒಂದು ಅಂದರೆ ಶೇ. 12 ಅಂಗವೈಕಲ್ಯ. ಆಗ ನನ್ನ ಸಂಬಳ ತಿಂಗಳಿಗೆ 75 ಸಾವಿರ, ವರ್ಷಕ್ಕೆ 9 ಲಕ್ಷ. 26ರಿಂದ 30 ವಯಸ್ಸಿಗೆ ಗುಣಕ 17. ಶೇ. 12 ಅಂತ ಒಪ್ಪಿದ್ದರೆ 18.36 ಲಕ್ಷ ಆಗುತ್ತಿತ್ತು. ಅಷ್ಟೂ ಕೊಡಲೇಬೇಕಿತ್ತು ಅಂತ ನಾನೂ ಹೇಳುವುದಿಲ್ಲ. 2010ರ ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದೇಹದ ನಷ್ಟ ಬೇರೆ, ದುಡಿಮೆಯ ನಷ್ಟ ಬೇರೆ ಅಂದಿದೆ. ಎಡಗೈ ಕಳೆದುಕೊಂಡ ಡ್ರೈವರಿಗೋ ಬಡಗಿಗೋ ದುಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು ಅನ್ನುವ ಉದಾಹರಣೆ ಅದರಲ್ಲಿದೆ. ನನ್ನನ್ನು ಆ ಗುಮಾಸ್ತನ ಸಾಲಿಗೆ ಸೇರಿಸಿದ ಹಾಗಾಯಿತು. ಆದರೆ ಗುಮಾಸ್ತನಿಗೆ ಅರವತ್ತರವರೆಗೆ ಕುರ್ಚಿ ಖಾತ್ರಿ. ನಮ್ಮ ಕಡೆ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗದಿದ್ದರೆ ಕೆಲಸ ಹೋಯಿತು ಅಂತಲೇ ಅರ್ಥ. ಆಮೇಲೆ ನಲವತ್ತು ದಾಟಿ, ಕೀಲು ಬದಲಿಸಲು ಮೂರು ತಿಂಗಳು ರಜೆ ಬೇಕು ಅನ್ನುವವಳನ್ನು ಯಾರು ತಗೋತಾರೆ? ಒಂದು ಗಂಟೆ ಕೂತರೆ ಎದ್ದು ಓಡಾಡಲೇಬೇಕು ಈಗಲೇ.

ಇದನ್ನೇ ಹಿಡಿದು ತೊಂಬತ್ತು ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದೇವೆ. ಕಂಪನಿಯವರೂ ಹಾಕಿದ್ದಾರೆ, ಮುಂದಿನ ಆಪರೇಷನ್ನಿನ 3 ಲಕ್ಷ ಜಾಸ್ತಿಯಾಯಿತಂತೆ. ಎರಡನ್ನೂ ಒಟ್ಟಿಗೆ ಕೇಳುತ್ತಾರೆ ಅಂದರು ವಕೀಲರು, ಯಾವಾಗ ಅಂತ ಹೇಳಲಿಲ್ಲ. ಅಷ್ಟರಲ್ಲಿ ವರ್ಷಕ್ಕೊಂದು ಎಕ್ಸ್‌ರೇ ತೆಗೆಸಬೇಕು. ಈ ವರ್ಷದ್ದು ಮುಂದಿನ ಶನಿವಾರ, ಅಸಲು ಫಿಲ್ಮೇ ಕೊಡಿ ಅಂತ ಹೇಳಿ ಬುಕ್ ಮಾಡಿದ್ದೇನೆ.