ಮೂಲೆಯಲ್ಲಿ ನಿಂತವನು

ನಾಳೆ ರಾತ್ರಿ ಹೊನಲು ಬೆಳಕಿನ ಕಬಡ್ಡಿ ಫೈನಲ್. ಹೊನ್ನಾಳಿ ಕಡೆಯ ತಂಡಕ್ಕೂ ಜಗಳೂರಿನ ತಂಡಕ್ಕೂ. ನ್ಯಾಮತಿಯ ಚಹಾದಂಗಡಿ ಮುಂದೆ ಸಂಜೆ ನಿಂತರೆ ಎಲ್ಲರ ಬಾಯಲ್ಲೂ ಹೊನ್ನಾಳಿ ರೇಡರ್‌ನದೇ ಮಾತು. "ಅವನೊಬ್ಬ ಸಾಕು ಬಿಡಣ್ಣ, ಎರಡು ರೇಡಿಗೆ ಅಂಕಣ ಖಾಲಿ ಮಾಡ್ತಾನೆ" ಎಂದ ಪಕ್ಕದ ಹುಡುಗ. ಒಳ್ಳೆಯ ಆಟಗಾರನೇ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ನಾಳೆ ನೋಡಬೇಕಿರುವುದು ಜಗಳೂರಿನ ಎಡ ಕಾರ್ನರ್‌ನಲ್ಲಿ ನಿಂತು ಹಿಡಿಯುವ ಹುಡುಗನನ್ನು.

ಸೆಮಿಫೈನಲ್‌ನಲ್ಲಿ ಅವನು ಹಿಡಿದ ಒಂದು ಆಂಕಲ್ ಹೋಲ್ಡ್ ಇನ್ನೂ ಕಣ್ಣಿಗೆ ಕಟ್ಟಿದೆ. ಚನ್ನಗಿರಿಯ ರೇಡರ್ ಬೋನಸ್‌ಗೆ ಬಂದ. ಬೋನಸ್ ಸಿಗಬೇಕಾದರೆ ಒಂದು ಪಾದ ಗೆರೆ ದಾಟಿ ನೆಲ ಮುಟ್ಟಿರಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅಂದರೆ ಆ ಒಂದು ಗಳಿಗೆ ಮೈಯ ಭಾರವೆಲ್ಲ ಒಂದೇ ಕಾಲಿನ ಮೇಲೆ. ಎರಡು ಸಲ ರೇಡರ್ ಆಸೆ ತೋರಿಸಿದ, ಹುಡುಗ ಅಲುಗಲಿಲ್ಲ. ಮೂರನೇ ಸಲ ಪಾದ ನಿಜವಾಗಿ ಊರಿತು. ಕುಕ್ಕರಗಾಲಿನಲ್ಲಿದ್ದವನು ಎರಡೂ ಕೈಯಿಂದ ಹರಡು ಹಿಡಿದು, ಹಿಮ್ಮಡಿಯನ್ನು ಎದೆಗೆ ಎಳೆದುಕೊಂಡ. ಅಷ್ಟರಲ್ಲಿ ಪಕ್ಕದಲ್ಲಿದ್ದ ಕವರ್‌ನವನು ಬಂದು ತೊಡೆಗೆ ಬಿದ್ದ. ಮುಗಿಯಿತು.

ಈಗಿನ ಬಹಳಷ್ಟು ಕಾರ್ನರ್ ಹುಡುಗರಿಗೆ ಈ ಕಾಯುವಿಕೆ ಇಲ್ಲ. ರೇಡರ್ ಒಳಗೆ ಬಂದರೆ ಸಾಕು, ಧುಮುಕುತ್ತಾರೆ. ಸುಮ್ಮನೆ ಒಂದು ಪಾಯಿಂಟ್ ದಾನ. ಜನ ಅದಕ್ಕೂ ಶಿಳ್ಳೆ ಹೊಡೆಯುತ್ತಾರೆ!

ರೇಡರ್ ಭಕ್ತರೊಂದಿಗೆ ನನ್ನ ಜಗಳ ಹಳೆಯದು. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತನ್ನು ಸೋಲಿಸಿ ಪ್ರೊ ಕಬಡ್ಡಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ, ಇನ್ನೇನು ಬೇಕು ಎನ್ನುತ್ತಾರೆ. ಸರಿ, ನಾನೂ ಅಂದು ಕುಣಿದವನೇ. ಆದರೆ ಅದಕ್ಕೆ ಕೆಲವೇ ತಿಂಗಳ ಮೊದಲು ಜಕಾರ್ತದಲ್ಲಿ ಏನಾಯಿತು? 1990ರಿಂದ ಏಷ್ಯನ್ ಗೇಮ್ಸ್‌ನಲ್ಲಿ ಸತತ ಏಳು ಚಿನ್ನ ಗೆದ್ದಿದ್ದ ಭಾರತ, ಸೆಮಿಫೈನಲ್‌ನಲ್ಲಿ ಇರಾನ್‌ಗೆ 18-27ರಿಂದ ಸೋತಿತು. ಅಜಯ್ ಠಾಕೂರ್, ಪರದೀಪ್ ನರ್ವಾಲ್ ಅಂಥ ರೇಡರ್‌ಗಳು ನಮ್ಮಲ್ಲಿದ್ದರು. ಇರಾನ್ ತಂಡದಲ್ಲಿ ಎಡ ಕಾರ್ನರ್‌ಗೆ ಫಜಲ್ ಅತ್ರಾಚಲಿ ಇದ್ದ. ಹಿಡಿಯುವವರು ಗೆದ್ದರು.

ಸ್ಕೋರ್‌ಬೋರ್ಡೇ ಕಣ್ಣಿಗೆ ಮಣ್ಣೆರಚುತ್ತದೆ. ಕ್ಯಾಚ್‌ಗೆ ಸಾಮಾನ್ಯವಾಗಿ ಬರೆಯುವುದು ಒಂದೇ ಪಾಯಿಂಟ್. ಆದರೆ ಮುಖ್ಯ ರೇಡರ್ ಹೊರಗೆ ಕುಳಿತ ಅಷ್ಟು ಹೊತ್ತೂ ಅವನ ತಂಡ ಬಡವಾಗಿರುತ್ತದೆ; ಆ ಲೆಕ್ಕ ಯಾವ ಬೋರ್ಡಿನಲ್ಲೂ ಬರುವುದಿಲ್ಲ. ಬಹುಮಾನದಲ್ಲೂ ಇದೇ ತಾರತಮ್ಯ. ಒಂದು ಪಂದ್ಯಾವಳಿಯಲ್ಲಿ ಉತ್ತಮ ರೇಡರ್‌ಗೆ ಸೊಂಟದೆತ್ತರದ ಟ್ರೋಫಿ ಕೊಟ್ಟು, ಉತ್ತಮ ಕ್ಯಾಚರ್‌ಗೆ ಅಂಗೈಯಗಲದ ಕಪ್ ಕೊಟ್ಟರು. ಮೊಣಕೈ ಸುಲಿದು ರಕ್ತ ಒಣಗಿದ್ದ ಹುಡುಗ ಅದನ್ನು ತೆಗೆದುಕೊಂಡು ಕೈಮುಗಿದ. ನನಗೆ ಮೈ ಉರಿಯಿತು. ಇಂಥದ್ದನ್ನು ನೋಡಿದ ಚಿಕ್ಕ ಮಕ್ಕಳಲ್ಲಿ ಯಾವನು ಮೂಲೆಯಲ್ಲಿ ನಿಲ್ಲಲು ಒಪ್ಪುತ್ತಾನೆ?

ಇನ್ನು ಭಾಷಣ, ಶಾಲು, ಹಾರ. ಮೈ ಬಿಸಿಮಾಡಿಕೊಂಡು ನಿಂತ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಗಣ್ಯರ ಸನ್ಮಾನ ಮುಗಿಸುವಷ್ಟರಲ್ಲಿ ಸ್ನಾಯು ತಣ್ಣಗಾಗಿ ಸೆಟೆದಿರುತ್ತದೆ. ಮೊದಲ ರೇಡಿನಲ್ಲೇ ಯಾರೋ ತೊಡೆ ಹಿಡಿದುಕೊಂಡು ಕುಸಿಯುತ್ತಾನೆ. ನಾಳೆಯಾದರೂ ಸನ್ಮಾನವನ್ನು ಪಂದ್ಯ ಮುಗಿದ ಮೇಲೆ ಇಟ್ಟುಕೊಳ್ಳಲಿ.

ಹೊನ್ನಾಳಿ ರೇಡರ್‌ಗೆ ಬುದ್ಧಿಯಿದ್ದರೆ ಆ ಎಡಮೂಲೆಗೆ ಬೋನಸ್ ಆಸೆಯಿಂದ ಹೋಗಬಾರದು, ಬಲಗಡೆ ಆಡಬೇಕು. ಹೋದರೂ ಆಂಕಲ್ ಹಿಡಿದವನು ಒಂಟಿಯಾಗಿ ಎಷ್ಟು ಹೊತ್ತು ತಡೆದಾನು? ಪಕ್ಕದ ಕವರ್ ಕೂಡಲೇ ಬಂದು ಬೀಳಬೇಕು. ಸೆಮಿಫೈನಲ್ ಮುಗಿದಾಗ ಆ ಕವರ್ ಹುಡುಗ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕುಳಿತಿದ್ದ. ನಾಳೆ ಅವನು ಇಳಿಯುತ್ತಾನೋ ಇಲ್ಲವೋ, ಜಗಳೂರಿನ ಗೆಳೆಯನಿಗೆ ಫೋನ್ ಮಾಡಿ ಮೊದಲು ಅದನ್ನು ಕೇಳಬೇಕು.