ಕಾಣದ ಉಪಕಾರ

ಲೋಕದಲ್ಲಿ ಉಪಕಾರಗಳು ಎರಡು ಬಗೆ: ಕೊಟ್ಟು ಮಾಡುವುದು ಒಂದು, ತೆಗೆದು ಮಾಡುವುದು ಇನ್ನೊಂದು. ಕೊಟ್ಟವನ ಹೆಸರು ಕಲ್ಲಿನ ಮೇಲೂ ಮೂಡುತ್ತದೆ. ದಾರಿಯ ಮುಳ್ಳನ್ನು ಎತ್ತಿ ಬಿಸುಟವನನ್ನು ಹಿಂದೆ ಬರುವವನು ನೆನೆಯುವುದೆಂತು? ಅವನಿಗೆ ಮುಳ್ಳು ಚುಚ್ಚಲೇ ಇಲ್ಲವಲ್ಲ! ತಿಂಡಿತಿನಿಸುಗಳಿಂದ ಟ್ರಾನ್ಸ್ ಕೊಬ್ಬನ್ನು ತೆಗೆದ ಕಾರ್ಯ ಈ ಎರಡನೆಯ ಬಗೆಗೆ ಸೇರಿದುದು.

ನನ್ನ ಬಾಲ್ಯದಲ್ಲಿ ತುಪ್ಪ ಕೊಳ್ಳಲಾರದ ಮನೆಗಳಿಗೆ ವನಸ್ಪತಿಯೇ ತುಪ್ಪ. ಹಬ್ಬದ ದಿನ ಅದು ಕಾಯುವ ವಾಸನೆಗೆ ಮಕ್ಕಳೆಲ್ಲ ಅಡುಗೆಮನೆಯ ಹೊಸ್ತಿಲಲ್ಲಿ ನೆರೆಯುತ್ತಿದ್ದೆವು. ಬರಿದಾದ ಡಬ್ಬದಲ್ಲಿ ಬೇಳೆ ತುಂಬುತ್ತಿದ್ದರು. ತುಕ್ಕು ಹಿಡಿದ ಮೇಲೆ ಅದೇ ತುಳಸಿಗೆ ಕುಂಡವಾಗುತ್ತಿತ್ತು.

ಎಣ್ಣೆಗೆ ನಿಕಲ್ ಲೋಹದ ಸಾನ್ನಿಧ್ಯದಲ್ಲಿ ಜಲಜನಕವನ್ನು ಹಾಯಿಸಿದರೆ ಅದು ಗಟ್ಟಿಯಾಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂಥ ಕೊಬ್ಬು ಬೇಗನೆ ಕಮಟು ವಾಸನೆ ಹಿಡಿಯುವುದಿಲ್ಲ, ಬಿಸ್ಕತ್ತನ್ನು ಗರಿಗರಿಯಾಗಿಸುತ್ತದೆ, ಬೆಲೆಯೂ ಅಗ್ಗ. ಆದರೆ ಈ ಕ್ರಿಯೆಯನ್ನು ನಡುವೆಯೇ ನಿಲ್ಲಿಸಿದಾಗ ಕೊಬ್ಬಿನ ಕೆಲವು ಅಣುಗಳ ಸಹಜವಾದ ಬಾಗು ನೇರವಾಗಿಬಿಡುತ್ತದೆ. ಅದೇ ಟ್ರಾನ್ಸ್ ಕೊಬ್ಬು. ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ, ಒಳ್ಳೆಯದನ್ನು ತಗ್ಗಿಸಿ, ಹೃದ್ರೋಗಕ್ಕೆ ದಾರಿಮಾಡುತ್ತದೆ. ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ದೋಷ ಕಾಣದು. ಅಗ್ಗವೆಂದು ಕೊಂಡ ಬಡವನಿಗೆ ಇದನ್ನು ತಿಳಿಯುವ ಉಪಾಯವಿರಲಿಲ್ಲ. ಆದುದರಿಂದ ಉಪದೇಶ ಸಾಲದೆ ಕಾನೂನೇ ಬೇಕಾಯಿತು.

ಆ ಕಾನೂನು ಸುಲಭವಾಗಿ ಬರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಫ್ರೆಡ್ ಕುಮ್ಮರೋ 1957ರಲ್ಲಿಯೇ ಈ ಕೊಬ್ಬಿನತ್ತ ಬೆರಳು ತೋರಿದ್ದರು. ಕಿವಿಗೊಟ್ಟವರು ವಿರಳ. ಅವರು ಎದೆಗುಂದಲಿಲ್ಲ, 2009ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಸರ್ಕಾರಕ್ಕೆ ಮನವಿ ಸಲ್ಲಿಸಿದರು, 2013ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. 2015ರಲ್ಲಿ ಅಲ್ಲಿ ಇದರ ಬಳಕೆಯನ್ನು ನಿಲ್ಲಿಸುವ ತೀರ್ಮಾನ ಹೊರಬಿದ್ದಾಗ ಅವರಿಗೆ ನೂರು ತುಂಬಿತ್ತು!

ಅದಕ್ಕೂ ಮೊದಲೇ, 2003ರಲ್ಲಿ, ಡೆನ್ಮಾರ್ಕ್ ನೂರು ಗ್ರಾಂ ಕೊಬ್ಬಿನಲ್ಲಿ ಇದು ಎರಡು ಗ್ರಾಂ ಮೀರಬಾರದೆಂದು ಕಟ್ಟುಮಾಡಿತ್ತು. ನ್ಯೂಯಾರ್ಕ್ ರಾಜ್ಯದ ಕೆಲವು ಜಿಲ್ಲೆಗಳೂ ಹೋಟೆಲುಗಳಲ್ಲಿ ಇದನ್ನು ನಿರ್ಬಂಧಿಸಿದುವು. ಮೂರು ವರ್ಷಗಳ ತರುವಾಯ, ನಿರ್ಬಂಧವಿಲ್ಲದ ಜಿಲ್ಲೆಗಳಿಗೆ ಹೋಲಿಸಿದಾಗ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರುವವರ ಪ್ರಮಾಣ ಅಲ್ಲಿ ಸುಮಾರು ಶೇಕಡಾ 6ರಷ್ಟು ಅಧಿಕವಾಗಿ ಇಳಿದಿತ್ತು. ನಮ್ಮ ದೇಶದಲ್ಲಿಯೂ ಎಣ್ಣೆ-ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ಶೇಕಡಾ 3ಕ್ಕೆ, 2022ರ ಜನವರಿಯಿಂದ ಶೇಕಡಾ 2ಕ್ಕೆ ಇಳಿಸಲಾಯಿತು.

ಹಾಗೆಂದು ಮೈಮರೆಯುವಂತಿಲ್ಲ. ಅದನ್ನು ತೆಗೆದ ಸ್ಥಳಕ್ಕೆ ಎಷ್ಟೋ ತಿನಿಸುಗಳಲ್ಲಿ ತಾಳೆ ಎಣ್ಣೆ ಬಂದಿದೆ. ಮಿತಿಮೀರಿದರೆ ಅದೂ ಹೃದಯಕ್ಕೆ ಹಿತವಲ್ಲ. ‘ಟ್ರಾನ್ಸ್ ಕೊಬ್ಬು ಇಲ್ಲ’ ಎಂಬ ಪೊಟ್ಟಣದ ಮೇಲಿನ ಬರಹ ನಾಲಗೆಗೆ ಕೊಟ್ಟ ರಹದಾರಿಯಲ್ಲ.

ಹೃದಯಾಘಾತವಾಗದೆ ಉಳಿದವನು ತಾನು ಉಳಿದೆನೆಂಬುದನ್ನೇ ಅರಿಯನು. ಆ ವೃದ್ಧ ವಿಜ್ಞಾನಿಯ ಹೆಸರನ್ನೂ ಕೇಳಿರಲಾರನು. ಎಂದಿನಂತೆ ಚಹದೊಡನೆ ಬಿಸ್ಕತ್ತು ತಿಂದು, ಮೊಮ್ಮಗನ ಕೈಹಿಡಿದು ಸಂತೆಗೆ ನಡೆಯುತ್ತಾನೆ. ಅವನು ಹಾಗೆ ನಡೆಯುವುದೇ ಆ ಉಪಕಾರಕ್ಕೆ ಸಂದ ಫಲ.